ಗಾಜಿನ ಹಿಂದಿನ ಬಿಲ್ಲೆಗಳು

ಪೈಪ್‌ಲೈನ್ ಸಾಲು,
ಮನೆ ನಂಬರ್ ಅರವತ್ತೊಂದು,
ಬುಧವಾರ, ಮಾರ್ಚ್ ಹನ್ನೆರಡು

ಪ್ರೀತಿಯ ತಮ್ಮಾ,

ನಿನ್ನ ಕಣ್ಣಿನ ಉರಿ ಹೇಗಿದೆ? ಹಳೇ ಕಾಗದದ ಧೂಳಿಗೆ ಸಂಜೆಯಾದರೆ ಕಣ್ಣು ಕೆಂಡವಾಗುತ್ತದೆ ಎಂದಿದ್ದೆ. ಡಾಕ್ಟರು ಬರೆದುಕೊಟ್ಟ ಹನಿ ಹಾಕಿಕೊಳ್ಳುತ್ತಿದ್ದೀಯೋ, ಸೀಸೆಯನ್ನು ಕಿಟಕಿಯಲ್ಲಿಟ್ಟು ಮರೆತಿದ್ದೀಯೋ? ನಿನ್ನ ಹೆಂಡತಿಯ ಹಲ್ಲುನೋವು, ಮಗಳ ಪರೀಕ್ಷೆ, ಎರಡೂ ಸುಸೂತ್ರವಾಗಿ ಮುಗಿದಿರಲಿ. ಅಮ್ಮನ ಮಂಡಿ ಹಾಗೇ ಇದೆ. ಕೂತರೆ ಏಳಲಾರಳು, ಎದ್ದರೆ ಕೂರಲಾರಳು, ಎರಡರ ನಡುವೆ ನಿಂತು ನನ್ನನ್ನು ಬೈಯುತ್ತಾಳೆ. ನನಗೆ ರೋಗವಿಲ್ಲ. ಸಿಟ್ಟೊಂದಿದೆ, ಅದಕ್ಕೆ ಇನ್ನೂ ಹನಿ ಕಂಡುಹಿಡಿದಿಲ್ಲ.

ಈಗ ಕೇಳು. ಈ ಊರು ನಮಗೆ ಕೊಡುತ್ತೇನೆ ಎಂದದ್ದೇನು, ಕೊಟ್ಟದ್ದೇನು, ಒಂದೊಂದಾಗಿ ಬರೆಯುತ್ತೇನೆ. ನಿನಗೆ ಗೊತ್ತಿಲ್ಲವೆಂದಲ್ಲ. ಗೊತ್ತಿದ್ದೂ ಮರೆತವರಿಗೆ ಮತ್ತೊಮ್ಮೆ ಓದಿ ಹೇಳುವುದು ಸಂಘದ ಕಾರ್ಯದರ್ಶಿಯ ಕೆಲಸ. ಪೈಪು ಹಾಕಿ ಮುಗಿದ ದಿನ, ಪೈಪಿನ ಪಕ್ಕದ ಜಾಗ ಅಗೆದವರಿಗೇ ಎಂದರು. ಬಾಯಿಮಾತಾಯಿತು. ಮೂರು ಪ್ರಾಂತ್ಯ ಕೂಡಿ ರಾಜ್ಯವಾದ ವರ್ಷ, ಅಗೆದವರ ಹಿತ್ತಾಳೆ ಬಿಲ್ಲೆ ತೋರಿಸಿದ ಮನೆಗೆ ಹಕ್ಕುಪತ್ರ ಎಂದು ಆದೇಶ ಹೊರಡಿಸಿದರು. ಪತ್ರ ಬರಲಿಲ್ಲ. ಮನೆಗೊಂದು ನಲ್ಲಿ ಎಂದರು. ಊರಿನ ನೀರೆಲ್ಲ ನಮ್ಮ ಹಿತ್ತಲ ಕೊಳವೆಯಲ್ಲೇ ಹೋಗುತ್ತದೆ, ನೂರ ನಲವತ್ತು ಮನೆಗೆ ನಾಲ್ಕು ನಲ್ಲಿ. ಶಾಲೆ ಎಂದರು. ಶಾಲೆಗೆಂದು ಬಿಟ್ಟ ಜಾಗದಲ್ಲಿ ಟ್ರಾನ್ಸ್‌ಫಾರ್ಮರ್ ನಿಲ್ಲಿಸಿದರು. ಯಾರು ಯಾವಾಗ ಕೆಲಸಕ್ಕೆ ಸೇರಿದರು ಎಂದು ತೋರಿಸಲು ಅಂದಿನ ಹಾಜರಿ ಪುಸ್ತಕ ಕೊಡಿ ಎಂದೆವು. ಹಳೇ ಕಚೇರಿಯ ಬೆಂಕಿಯಲ್ಲಿ ಸುಟ್ಟುಹೋಗಿದೆ ಎಂದು ನಾಲ್ಕು ಸಲ ಬರೆದು ನಾಲ್ಕು ಸಲ ಸೀಲು ಹಾಕಿ ಕೊಟ್ಟರು. ನಮ್ಮ ಅಜ್ಜಂದಿರನ್ನೂ ಈ ಊರಿನ ಚರಿತ್ರೆಗೆ ಸೇರಿಸಿ ಎಂದೆವು. ಇದೊಂದನ್ನು ಮಾತ್ರ ಕೊಟ್ಟರು. ಕೊಟ್ಟಾಗಲೇ ನನಗೆ ಅನುಮಾನ ಬರಬೇಕಿತ್ತು.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಮೂರು ಸಲ ಮಾಡಿದೆ. ಮೊದಲ ಸಲ ನೀನು ‘ಮೀಟಿಂಗಲ್ಲಿದ್ದೀನಕ್ಕಾ’ ಎಂದು ಇಟ್ಟುಬಿಟ್ಟೆ. ಎರಡನೇ ಸಲ ‘ಆಮೇಲೆ ಮಾಡ್ತೀನಕ್ಕಾ’ ಎಂದೆ, ಆ ಆಮೇಲೆ ಇನ್ನೂ ಬಂದಿಲ್ಲ. ಮೂರನೇ ಸಲ ನಿನ್ನ ಹೆಂಡತಿ ಎತ್ತಿಕೊಂಡು, ನೀನು ಸ್ನಾನಕ್ಕೆ ಹೋಗಿದ್ದೀಯ ಎಂದಳು. ಹಿಂದಿನಿಂದ ನೀನು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಆ ಗಂಟಲು ನನಗೆ ತೊಟ್ಟಿಲಿನಿಂದ ಪರಿಚಯ. ಪಾಪ, ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ಅವಳ ಕೈಲಿ ಹೇಳಿಸಬೇಡ. ಅದಕ್ಕೇ ಕಾಗದ. ನಮ್ಮ ಸಾಲಿನ ಬಸ್ ಡ್ರೈವರ್ ನಾಳೆ ನಿನ್ನ ಊರಿಗೇ ಗಾಡಿ ತರುತ್ತಾನೆ. ನಿನ್ನ ಕೈಗೇ ಕೊಟ್ಟು, ನೀನು ಬಿಚ್ಚುವವರೆಗೂ ಎದುರಿಗೇ ನಿಲ್ಲು ಎಂದಿದ್ದೇನೆ.

ನೀನು ಈ ಸಾಲು ಬಿಟ್ಟು ಒಂಬತ್ತು ವರ್ಷ. ದಾಖಲೆ ಕಚೇರಿಗೆ ಇಲ್ಲಿ ಜಾಗ ಸಾಲದೆಂದು ರಾಜ್ಯದ ಹಳೇ ಕಾಗದವನ್ನೆಲ್ಲ ಲಾರಿಗೆ ತುಂಬಿ ಎಪ್ಪತ್ತು ಮೈಲಿ ಆಚೆ ಸಾಗಿಸಿದರು, ಕಾಗದದ ಜೊತೆ ನಿನ್ನನ್ನೂ. ಊರು ಬೆಳೆಯುವುದೆಂದರೆ ಇದೇ. ಮೊದಲು ಕಸ ಹೊರಗೆ ಹೋಗುತ್ತದೆ, ಆಮೇಲೆ ಕಾಗದ, ಆಮೇಲೆ ಮನುಷ್ಯರು. ನಮ್ಮ ಸಾಲಿನಿಂದ ಕುರ್ಚಿ ಮೇಲೆ ಕೂತು ಕೆಲಸ ಮಾಡುವವನು ನೀನೊಬ್ಬನೇ ಎಂದು ಎಲ್ಲರಿಗೂ ಹೆಮ್ಮೆ. ಈಗಲೂ ನಿನ್ನನ್ನು ‘ನಮ್ಮ ಕನ್ನಡಕ’ ಎಂದೇ ಕರೆಯುತ್ತಾರೆ. ‘ನಮ್ಮ ಕನ್ನಡಕ ಇರೋವರೆಗೂ ನಮ್ಮ ಕಾಗದಕ್ಕೆ ಏನೂ ಆಗಲ್ಲ’ ಎಂದು ಹೊಲಿಗೆ ಅತ್ತೆ ಕಂಡಕಂಡವರಿಗೆ ಹೇಳುತ್ತಿದ್ದಳು. ಹೇಳುತ್ತಿದ್ದಳು ಎಂದೇ ಬರೆದಿದ್ದೇನೆ, ಗಮನಿಸು.

ಹಳೇ ಪಂಪ್‌ಹೌಸನ್ನು ನಗರ ಚರಿತ್ರೆಯ ಮ್ಯೂಸಿಯಂ ಮಾಡಿದಾಗ ಗೋಡೆಯ ಮೇಲೆ ಈ ಊರಿನ ನೂರು ವರ್ಷವನ್ನು ದೊಡ್ಡ ಅಕ್ಷರದಲ್ಲಿ ಬರೆಸಿದರು. ಮೊದಲು ಇಲ್ಲಿ ಒಂದು ಸಂತೆ, ಮಧ್ಯಾಹ್ನಕ್ಕೆ ತಳ ಕಾಣುವ ಹತ್ತು ಬಾವಿ ಇದ್ದವಂತೆ. ಆಮೇಲೆ ದೂರದೃಷ್ಟಿಯ ಎಂಜಿನಿಯರೊಬ್ಬರು ನಲವತ್ತು ಮೈಲಿಯಿಂದ ನೀರು ತಂದರಂತೆ. ನೀರು ಬಂದ ಮೇಲೆ ಗಿರಣಿ ಬಂತು, ಆಸ್ಪತ್ರೆ ಬಂತು, ರೈಲು ಬಂತು. ಪ್ರಾಂತ್ಯಗಳನ್ನು ಕೂಡಿಸಿ ರಾಜ್ಯ ಮಾಡಿದಾಗ ರಾಜಧಾನಿ ಎಲ್ಲಿರಬೇಕೆಂದು ಎರಡು ವರ್ಷ ಕಿತ್ತಾಡಿ, ಬೇಸಿಗೆಯಲ್ಲೂ ನಲ್ಲಿ ಬರುವ ಊರು ಇದೊಂದೇ ಎಂದು ಕೊನೆಗೆ ಇಲ್ಲಿಗೇ ತಂದರು. ಮಂತ್ರಿಗಳು ಬಂದರು, ಕಚೇರಿಗಳು ಬಂದವು, ಕಚೇರಿಯ ಹಿಂದೆ ಜನ, ಜನದ ಹಿಂದೆ ಇಪ್ಪತ್ತು ಮಹಡಿಯ ಕಟ್ಟಡ. ಇಷ್ಟೂ ನಿಜವೇ. ಆದರೆ ‘ನೀರು ತಂದರು’ ಎಂದರೇನು? ಎಂಜಿನಿಯರು ಕೊಡದಲ್ಲಿ ಹೊತ್ತು ತಂದರೇ? ನಲವತ್ತು ಮೈಲಿ ಆಳೆತ್ತರದ ಕಂದಕ ಅಗೆದವರಾರು, ಕಬ್ಬಿಣದ ಕೊಳವೆ ಇಳಿಸಿದವರಾರು, ಕೊಳವೆಗೆ ಕೊಳವೆ ಕೂಡುವ ಕಡೆ ಸೀಸ ಕಾಯಿಸಿ ಹೊಯ್ದವರಾರು? ಗೋಡೆಯಲ್ಲಿ ಇಪ್ಪತ್ತೆರಡು ಫೋಟೋ ಇದ್ದವು. ರಿಬ್ಬನ್ ಕತ್ತರಿಸುವ ಕೈ ಒಂಬತ್ತು. ಗುದ್ದಲಿ ಹಿಡಿದ ಕೈ ಒಂದೂ ಇಲ್ಲ.

ಎರಡು ವರ್ಷ ಆ ಗೇಟಿನ ಮುಂದೆ ಕೂತೆವು. ನೀರು ಸೋಸುವ ಫಿಲ್ಟರ್ ಬೆಡ್ಡಿನಲ್ಲಿ ಮರಳು ತೊಳೆದು, ಪಾಳಿ ಮುಗಿಸಿ, ಒದ್ದೆ ಸೀರೆಯಲ್ಲೇ ಹೋಗಿ ಕೂರುತ್ತಿದ್ದೆವು. ಪೊಲೀಸರು ಎತ್ತಿ ವ್ಯಾನಿಗೆ ಹಾಕಿದರು, ಊರಾಚೆ ಬಿಟ್ಟುಬಂದರು, ನಡೆದು ಬಂದು ಮತ್ತೆ ಕೂತೆವು. ಕಡೆಗೆ ಮ್ಯೂಸಿಯಂ ಮೇಡಂ ಹೊರಗೆ ಬಂದು ನಮ್ಮ ಪಕ್ಕದಲ್ಲೇ ನೆಲದ ಮೇಲೆ ಕೂತರು. ‘ನೀವು ಹೇಳ್ತಿರೋದು ಸರಿ’ ಎಂದರು. ಮೂವತ್ತು ವರ್ಷದ ಹೋರಾಟದಲ್ಲಿ ಈ ಮಾತನ್ನು ನನಗೆ ಯಾವ ಅಧಿಕಾರಿಯೂ ಹೇಳಿರಲಿಲ್ಲ. ಬೈದರೆ ಹೇಗೆ ಬೈಯಬೇಕು, ಹೊಡೆದರೆ ಹೇಗೆ ಬೀಳಬೇಕು ಎಲ್ಲ ಗೊತ್ತಿದೆ ನಮಗೆ. ಸರಿ ಎಂದರೆ ಏನು ಮಾಡಬೇಕು ಎಂದು ಯಾವ ಶಿಬಿರದಲ್ಲೂ ಕಲಿಸಿಲ್ಲ. ‘ಅಗೆದವರ ಕೋಣೆ’ ಎಂದೇ ಒಂದು ಕೋಣೆ ಮಾಡುತ್ತೇವೆ, ಅದರಲ್ಲಿಡಲು ನಿಮ್ಮ ಮನೆಗಳ ಬಿಲ್ಲೆ ಕೊಡಿ ಎಂದರು ಮೇಡಂ.

ಬಿಲ್ಲೆಯ ಕಥೆ ನಿನಗೆ ಹೇಳಿದವಳೇ ನಾನು. ಆದರೂ ಈಗ ಒಂದು ಸಲ ನಿನ್ನ ಮುಂದೆ ಇಡುತ್ತೇನೆ. ಕಂದಕದ ಬಾಯಲ್ಲಿ ಒಂದು ಹಲಗೆ, ಹಲಗೆಯಲ್ಲಿ ಮೊಳೆ, ಮೊಳೆಯಲ್ಲಿ ನಂಬರ್ ಕೊರೆದ ಹಿತ್ತಾಳೆ ಬಿಲ್ಲೆ. ಇಳಿಯುವಾಗ ತೆಗೆದು ಕೊರಳಿಗೆ ಹಾಕಿಕೊಳ್ಳಬೇಕು, ಹತ್ತಿ ಬಂದು ಮತ್ತೆ ಮೊಳೆಗೆ ತೂಗುಹಾಕಬೇಕು. ಸಂಜೆ ಮೇಸ್ತ್ರಿ ಹಲಗೆ ನೋಡುತ್ತಿದ್ದ. ಖಾಲಿ ಮೊಳೆ ಕಂಡರೆ ಒಬ್ಬ ಇನ್ನೂ ಮಣ್ಣೊಳಗಿದ್ದಾನೆ ಎಂದು ಅರ್ಥ. ಕೆಲಸ ಮುಗಿದಾಗ ಬಿಲ್ಲೆ ಅವರವರಿಗೇ ಬಿಟ್ಟರು, ಬಿಲ್ಲೆಯ ನಂಬರೇ ಮನೆಯ ನಂಬರಾಯಿತು. ಆಮೇಲೆ ಆದೇಶ ಬಂದಾಗ ಬಿಲ್ಲೆಯೇ ಹಕ್ಕಿನ ಸಾಕ್ಷಿಯೂ ಆಯಿತು. ನೂರ ನಲವತ್ತರಲ್ಲಿ ಹನ್ನೊಂದು ಕಳೆದುಹೋಗಿದ್ದವು. ಉಳಿದ ನೂರ ಇಪ್ಪತ್ತೊಂಬತ್ತನ್ನೂ ಮನೆಮನೆಗೆ ಹೋಗಿ ಒಟ್ಟು ಮಾಡಿದವಳು ನಾನು. ಮ್ಯೂಸಿಯಂನವರಲ್ಲ, ಸರ್ವೇಯವರಲ್ಲ, ಪೊಲೀಸರಲ್ಲ. ನಾನು, ಸಂಘದ ಚೀಲ ಹಿಡಿದುಕೊಂಡು.

ಅಮ್ಮ ಕೊಡುವುದಿಲ್ಲ ಎಂದು ಹಟ ಹಿಡಿದಳು. ‘ಕಣ್ಣಿಗೆ ಕಾಣೋ ಹಾಗೆ ಗಾಜಲ್ಲಿಡ್ತಾರೆ, ಸರಿ. ಕೈಗೆ ಸಿಗೋ ಹಾಗೆ ಇಡ್ತಾರೇನೇ?’ ಎಂದಳು. ನಾನು ಅವಳಿಗೆ ದುಡಿದವರ ಚರಿತ್ರೆ ಎಂದು ಭಾಷಣ ಮಾಡಿದೆ. ‘ಅದನ್ನ ಗೇಟಿನ ಹತ್ತಿರ ಮಾಡು, ಒಲೆ ಮುಂದೆ ಮಾಡಬೇಡ’ ಎಂದಳು. ಕೊನೆಗೆ ಕೊಟ್ಟಳು, ನನ್ನ ಮುಖ ನೋಡದೆ ಕೊಟ್ಟಳು. ಮೇಡಂ ಒಂದು ಫಾರಂ ತಂದಿದ್ದರು, ದಾನಪತ್ರ. ಅದರಲ್ಲಿ ಒಂಬತ್ತನೇ ಸಾಲು: ‘ಈ ವಸ್ತುವಿನ ಮೇಲಾಗಲಿ, ಇದರಿಂದ ಒದಗಬಹುದಾದ ಯಾವುದೇ ಹಕ್ಕಿನ ಮೇಲಾಗಲಿ ನನಗೂ ನನ್ನ ವಾರಸುದಾರರಿಗೂ ಇನ್ನು ಸಂಬಂಧವಿಲ್ಲ.’ ಓದಿದೆ, ತಮ್ಮಾ. ಓದಲಿಲ್ಲ ಎಂದು ತಪ್ಪಿಸಿಕೊಳ್ಳುವುದಿಲ್ಲ. ಹಕ್ಕು ಎಂದರೆ ಫೋಟೋ ಹಾಕುವ ಹಕ್ಕು, ಪುಸ್ತಕದಲ್ಲಿ ಅಚ್ಚು ಮಾಡುವ ಹಕ್ಕು ಎಂದುಕೊಂಡೆ. ಸೋತಾಗ ಪ್ರತಿ ಸಾಲಿನ ಕೆಳಗೂ ಬೆರಳಿಟ್ಟು ಓದುತ್ತೇವೆ. ಗೆದ್ದ ದಿನ ಸಹಿ ಎಲ್ಲಿ ಎಂದು ಕೇಳುತ್ತೇವೆ. ನೂರ ಇಪ್ಪತ್ತೊಂಬತ್ತು ಮನೆಯವರಿಗೂ ಸಹಿ ಎಲ್ಲಿ ಹಾಕಬೇಕೆಂದು ತೋರಿಸಿದ ಬೆರಳು ನನ್ನದು.

ಕೋಣೆ ತೆರೆದ ದಿನ ನೀನೂ ಬಂದಿದ್ದೆ. ಹಿಂದಿನ ಸಾಲಿನಲ್ಲಿ ನಿಂತಿದ್ದೆ, ಚಹಾ ಕೊಡುವ ಮೊದಲೇ ಕಾಣೆಯಾದೆ. ಬಸ್ಸಿಗೆ ಹೊತ್ತಾಯಿತೆಂದುಕೊಂಡೆ. ಗಾಜಿನ ಪೆಟ್ಟಿಗೆ, ಕಪ್ಪು ಮಖಮಲ್ಲು, ಅದರ ಮೇಲೆ ಸಾಲಾಗಿ ಬಿಲ್ಲೆ, ಒಂದೊಂದರ ಕೆಳಗೂ ಅಚ್ಚು ಹಾಕಿದ ಚೀಟಿ. ನಮ್ಮ ಸಾಲಿನ ವಾಲ್ವ್‌ಮನ್ ಚಿಕ್ಕಪ್ಪ ತನ್ನಜ್ಜನ ಚೀಟಿಯ ಮುಂದೆ ನಿಂತವನು ಅಲ್ಲಾಡಲೇ ಇಲ್ಲ. ‘ಸೀಸ ಹೊಯ್ಯುವವ. ಎರಡನೇ ವರ್ಷದ ಜೂನ್‌ನಲ್ಲಿ ಸೇರಿದ. ಗುರುತು: ಎಡಗೈಯಲ್ಲಿ ಎರಡು ಬೆರಳಿಲ್ಲ.’ ಚಿಕ್ಕಪ್ಪ ತನ್ನ ಎಡಗೈ ಬಿಡಿಸಿ ನೋಡಿಕೊಂಡ. ‘ನಮ್ಮಪ್ಪನಿಗೂ ಇದು ಗೊತ್ತಿರಲಿಲ್ಲ ಕಣವ್ವ’ ಎಂದು ಎಲ್ಲರೆದುರು ಅತ್ತ. ನಾವೂ ಅತ್ತೆವು. ಅಳುವಾಗ ಯಾರೂ ಯೋಚನೆ ಮಾಡುವುದಿಲ್ಲ, ಅದು ಗೊತ್ತಿರುವವರು ನಮ್ಮನ್ನು ಅಳಿಸುತ್ತಾರೆ.

ಐದು ವಾರ ಕಳೆಯಿತು. ಸರ್ವೇಯವರು ಟೇಪು ಹಿಡಿದು ಬಂದರು, ಗೋಡೆಗೆಲ್ಲ ಬಿಳಿ ಬಣ್ಣದಲ್ಲಿ ಗುರುತು ಬಳಿದರು, ಬಾಗಿಲಿಗೆ ನೋಟೀಸು ಅಂಟಿಸಿದರು. ಹಳೇ ಪೈಪು ಮುಚ್ಚುತ್ತಾರಂತೆ. ಅದರ ಮೇಲೆ ಆರು ಸಾಲು ಗಾಡಿ ಓಡುವ ರಸ್ತೆ. ಅರವತ್ತು ವರ್ಷ ಯಾರಿಗೂ ನೆನಪಿಲ್ಲದ ಆ ಹಳೇ ಆದೇಶ ಈಗ ಏಕಾಏಕಿ ನೆನಪಾಗಿದೆ: ಇಪ್ಪತ್ತೊಂದು ದಿನದೊಳಗೆ ಮೂಲ ಬಿಲ್ಲೆ ಹಾಜರುಪಡಿಸಿದವರಿಗೆ ರಸ್ತೆಯ ಪಕ್ಕದಲ್ಲೇ ಜಾಗ, ಹಾಜರುಪಡಿಸದವರನ್ನು ಆಮೇಲೆ ಬಂದು ಸೇರಿಕೊಂಡವರೆಂದು ಎಣಿಸಿ ಹದಿನೆಂಟು ಮೈಲಿ ಆಚೆಯ ಕಟ್ಟಡಗಳಿಗೆ ಕಳಿಸಲಾಗುವುದು. ಗಡುವು ಮುಗಿಯುವುದು ಮುಂದಿನ ಗುರುವಾರ. ಮ್ಯೂಸಿಯಂಗೆ ಓಡಿದೆವು. ಮೇಡಂ ಈ ಸಲ ನೆಲದ ಮೇಲೆ ಕೂರಲಿಲ್ಲ. ‘ಸಂಗ್ರಹಕ್ಕೆ ಸೇರಿದ ವಸ್ತು ಹೊರಗೆ ಹೋಗಲ್ಲ, ದಯವಿಟ್ಟು ಅರ್ಥ ಮಾಡ್ಕೊಳ್ಳಿ’ ಎಂದು ಫೋಟೋ ತೆಗೆಸಿ ಕೊಟ್ಟರು. ಸರ್ವೇ ಗುಮಾಸ್ತ ಫೋಟೋವನ್ನು ಮೇಜಿನ ಆಚೆ ತಳ್ಳಿದ. ‘ಊಟದ ಫೋಟೋ ತೋರಿಸಿದ್ರೆ ಹೊಟ್ಟೆ ತುಂಬುತ್ತೇನಮ್ಮ? ಮೂಲ ತನ್ನಿ’ ಎಂದ.

ಈಗ ಸಾಲಿನ ವಿಷಯ ಹೇಳುತ್ತೇನೆ. ನಾನು ನಲ್ಲಿ ಹತ್ತಿರ ಹೋದರೆ ಮಾತು ನಿಲ್ಲುತ್ತದೆ. ಬಿಂದಿಗೆಯ ಸದ್ದು ಮಾತ್ರ ಇರುತ್ತದೆ. ಮೂವತ್ತು ವರ್ಷ ಯಾರ ಬಾಗಿಲಲ್ಲಿ ನಿಂತು ಕೂಗಿದರೂ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬರುತ್ತಿದ್ದ ಹೆಂಗಸರು ಈಗ ಕಿಟಕಿಯಿಂದ ನೋಡುತ್ತಾರೆ. ಹೊಲಿಗೆ ಅತ್ತೆ ಮೊನ್ನೆ ಮಿಷನ್ ತುಳಿಯುತ್ತಲೇ, ತಲೆ ಎತ್ತದೆ ಕೇಳಿದಳು: ‘ಎಲ್ಲಾರ ಚೀಟೀಲೂ ಊರು, ಕೆಲಸ, ಗುರುತು ಬರೆದವ್ರೆ. ನಿಮ್ಮ ಅರವತ್ತೊಂದಕ್ಕೆ ಮಾತ್ರ ಏನೂ ಇಲ್ಲವಲ್ಲಮ್ಮಾ ಕಾರ್ಯದರ್ಶಿ, ಯಾಕೆ? ನಿಂದು ಬೇರೆ ಬಾಗಿಲಿಂದ ವಿಲೇವಾರಿ ಆಗುತ್ತೇನು?’ ನನಗೆ ಉರಿದುಹೋಯಿತು. ಬಾಯಿಗೆ ಬಂದದ್ದು ಅಂದು ಬಂದೆ. ಆದರೆ ಮರುದಿನ ಮರಳು ತೊಳೆಯುವಾಗ ಅವಳ ಮಾತು ಕಾಲಿಗೆ ಚುಚ್ಚಿದ ಕಲ್ಲಿನ ಹಾಗೆ ಬಿಡಲಿಲ್ಲ. ಬಿಲ್ಲೆಯಲ್ಲಿ ನಂಬರ್ ಬಿಟ್ಟರೆ ಇನ್ನೇನೂ ಇಲ್ಲ. ಜೂನ್ ತಿಂಗಳು ಎಲ್ಲಿಂದ ಬಂತು? ಇಲ್ಲದ ಎರಡು ಬೆರಳು ಎಲ್ಲಿಂದ ಬಂದವು?

ಪಾಳಿ ಬಿಟ್ಟು ಮ್ಯೂಸಿಯಂಗೆ ಹೋದೆ. ಟಿಕೆಟ್ ತೆಗೆದುಕೊಂಡು ನಮ್ಮಜ್ಜಂದಿರನ್ನು ನೋಡಿದೆ. ನೂರ ಇಪ್ಪತ್ತೊಂಬತ್ತು ಚೀಟಿಯನ್ನೂ ಒಂದೊಂದಾಗಿ ಓದಿದೆ, ಆ ದಿನ ಓದಬೇಕಾಗಿದ್ದ ಹಾಗೆ. ಸೇರಿದ ತಿಂಗಳು, ಮಾಡಿದ ಕೆಲಸ, ಬಂದ ಊರು, ಮೈಮೇಲಿನ ಗುರುತು. ಒಬ್ಬನಿಗೆ ಹುಬ್ಬಿನ ಮೇಲೆ ಗಾಯ, ಒಬ್ಬನಿಗೆ ಕಿವಿ ಹರಿದಿದೆ, ಒಬ್ಬಳು ಹೆಂಗಸು, ಮಣ್ಣು ಹೊರುವವಳು, ಗಲ್ಲದಲ್ಲಿ ಮಚ್ಚೆ. ಇದು ಯಾರ ಬಾಯಿಂದಲೂ ಬಂದದ್ದಲ್ಲ. ಇದು ಹಾಜರಿ ಪುಸ್ತಕ. ಸುಟ್ಟುಹೋಯಿತೆಂದು ನಾಲ್ಕು ಸಲ ಸೀಲು ಹಾಕಿದ ಹಾಜರಿ ಪುಸ್ತಕ ಚೂರುಚೂರಾಗಿ ಗಾಜಿನ ಕೆಳಗೆ ಮಲಗಿದೆ, ನಮ್ಮ ಕಣ್ಣೆದುರಿಗೇ. ಮೇಡಂ ಹತ್ತಿರ ಹೋಗಿ ಇದನ್ನೆಲ್ಲ ಎಲ್ಲಿಂದ ತಂದಿರಿ ಎಂದೆ. ಸಂಶೋಧನೆ ಎಂದರು. ಯಾರ ಸಂಶೋಧನೆ ಎಂದೆ. ‘ತುಂಬಾ ಜನ ಸಹಾಯ ಮಾಡಿದ್ದಾರೆ’ ಎಂದು ಬಾಗಿಲ ಪಕ್ಕದ ಫಲಕ ತೋರಿಸಿದರು. ಕೃತಜ್ಞತೆಯ ಪಟ್ಟಿ. ಕೊನೆಯ ಸಾಲು: ‘ಹಾಗೂ ಹೆಸರು ಹೇಳಿಕೊಳ್ಳಲು ಇಚ್ಛಿಸದ ಸಹಾಯಕರಿಗೆ.’

ಮತ್ತೆ ಒಳಗೆ ಹೋಗಿ ನಮ್ಮ ಬಿಲ್ಲೆಯ ಮುಂದೆ ನಿಂತೆ. ‘ಅರವತ್ತೊಂದು. ಕೂಲಿಕಾರ. ಹೆಚ್ಚಿನ ವಿವರ ಸಿಕ್ಕಿಲ್ಲ.’ ನೂರ ಇಪ್ಪತ್ತೆಂಟು ಜನರ ಮಚ್ಚೆ ಸಿಕ್ಕಿತು, ನಮ್ಮಜ್ಜನದು ಸಿಗಲಿಲ್ಲ. ಚೀಟಿಯನ್ನು ನಂಬಿದರೆ, ಪುಸ್ತಕದಲ್ಲಿ ಅರವತ್ತರ ಮುಂದಿನ ಪುಟ ಅರವತ್ತೆರಡಂತೆ.

ಅಪ್ಪ ತೀರಿಕೊಂಡ ವರ್ಷ ಅಮ್ಮ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ತನ್ನ ಅತ್ತೆ ತನಗೆ ಹೇಳಿದ್ದನ್ನು ಹೇಳಿದಳು, ನೆನಪಿದೆಯಾ? ಒಂದು ಸಂಜೆ ಕಂದಕ ಕುಸಿದು ಅರವತ್ತೊಂದನೇ ನಂಬರಿನವನು ಒಳಗೇ ಉಳಿದ. ಮೂರು ದಿನದ ಮೇಲೆ ಹೆಣ ತೆಗೆದರು, ಕೊರಳಿನ ಬಿಲ್ಲೆ ಬಿಚ್ಚಿದರು. ಕೇಳಿಕೊಂಡು ಬರುವ ಬಂಧುಗಳು ಅವನಿಗೆ ಇರಲಿಲ್ಲ. ಆಳು ಕಡಿಮೆಯಾದರೆ ತನಗೆ ಬೈಗುಳ ಎಂದು ಮೇಸ್ತ್ರಿ, ಅದೇ ವಾರ ಕೆಲಸ ಹುಡುಕಿಕೊಂಡು ಬಂದ ನಮ್ಮಜ್ಜನ ಕೊರಳಿ‌ಗೆ ಅದೇ ಬಿಲ್ಲೆ ಹಾಕಿ ಇಳಿಸಿದ. ಅಜ್ಜ ಒಂದೇ ವರ್ಷ ಅಗೆದದ್ದು, ಅದೂ ಸತ್ತವನ ನಂಬರಿನಲ್ಲಿ. ಆ ಪುಸ್ತಕದಲ್ಲಿ ಅರವತ್ತೊಂದರ ಎದುರಿಗೆ ಒಂದು ಸಾವಿನ ತಾರೀಕು ಇದ್ದೇ ಇರುತ್ತದೆ. ಈ ಮಾತು ಅಮ್ಮನಿಗೆ ಗೊತ್ತು, ನನಗೆ ಗೊತ್ತು, ನಿನಗೆ ಗೊತ್ತು. ಅಮ್ಮನಿಗೆ ಓದು ಬಾರದು. ಚೀಟಿ ಬರೆದವಳು ನಾನಲ್ಲ.

ಹಾಗಾದರೆ ಪುಸ್ತಕ ನಿನ್ನ ಹತ್ತಿರ ಇದೆ. ನಿನ್ನ ಬೀರುವಿನಲ್ಲಿದೆ. ನಾವು ನಾಲ್ಕು ಅರ್ಜಿ ಹಾಕಿದೆವಲ್ಲ, ಅದರಲ್ಲಿ ಕೊನೆಯದಕ್ಕೆ ಉತ್ತರ ಬಂದದ್ದು ನಿನ್ನ ಕಚೇರಿಯಿಂದ. ಕೆಳಗಿನ ಸಹಿ ನಿನ್ನ ಸಾಹೇಬನದು, ಸರಿ. ಆ ಉತ್ತರವನ್ನು ಟೈಪು ಮಾಡುವಾಗ ನೀನು ಯಾವ ಕುರ್ಚಿಯಲ್ಲಿ ಕೂತಿದ್ದೆ? ನನಗೆ ಮೂರು ಅನುಮಾನ. ಒಂದು, ನೀನು ದಡ್ಡತನ ಮಾಡಿದ್ದೀಯ: ಮೇಡಂ ಬಂದು ನಯವಾಗಿ ಕೇಳಿದರು, ನಮ್ಮ ಜನರ ಚರಿತ್ರೆ ಅಲ್ಲವೇ ಎಂದು ಕರಗಿ ಬರೆದುಕೊಟ್ಟೆ, ಅವರು ಬಿಲ್ಲೆ ಯಾಕೆ ಕೇಳುತ್ತಿದ್ದಾರೆಂದು ಯೋಚಿಸಲಿಲ್ಲ. ಹಾಗಿದ್ದರೆ ನೀನು ನನ್ನ ತಮ್ಮನೇ, ನಾನೂ ಅದನ್ನೇ ಮಾಡಿದ್ದು. ಎರಡು, ಹೆದರಿದ್ದೀಯ: ಪುಸ್ತಕ ಇದೆಯೆಂದು ಬಾಯಿಬಿಟ್ಟರೆ ಕೆಲಸ ಹೋಗುತ್ತದೆ ಎಂದು ಯಾರೋ ಹೇಳಿದ್ದಾರೆ. ಮೂರನೆಯದನ್ನು ಬರೆಯಲು ಕೈ ಬರುತ್ತಿಲ್ಲ. ಒಂಬತ್ತನೇ ಸಾಲು ನಿನ್ನದಲ್ಲ ಎಂದು ನಂಬುತ್ತೇನೆ. ನಂಬುತ್ತೇನೆ ಎಂದೆ, ಗೊತ್ತು ಎನ್ನಲಿಲ್ಲ.

ಒಂದು ಮಾತ್ರ ಗೊತ್ತು. ನಮ್ಮ ಮನೆಯ ಚೀಟಿಯನ್ನು ಖಾಲಿ ಬಿಟ್ಟದ್ದು ನಮ್ಮನ್ನು ಉಳಿಸಲಿಕ್ಕೆ. ಅಕ್ಕನ ಮೇಲಿನ ಪ್ರೀತಿಗೆ, ಅಮ್ಮನ ಮೇಲಿನ ಮರುಕಕ್ಕೆ. ಈ ಪ್ರೀತಿಗೆ ನಾನೇನು ಮಾಡಲಿ ಹೇಳು. ಅಗೆದವರಿಗೊಂದು ಕೋಣೆ ಬೇಕೆಂದು ಎರಡು ವರ್ಷ ಬಿಸಿಲಲ್ಲಿ ಕೂತವಳು ನಾನು. ಅಗೆಯುತ್ತಲೇ ಸತ್ತವನಿಗೆ ಆ ಕೋಣೆಯಲ್ಲಿ ಒಂದು ಸಾಲು ಜಾಗ ಸಿಗದ ಹಾಗೆ ಮಾಡಿದವನು ನೀನು. ಗೋಡೆ ಮೇಲೆ ಎಂಜಿನಿಯರನ್ನು ಬರೆದು ಗುದ್ದಲಿ ಬಿಟ್ಟವರಿಗೂ ನಿನಗೂ ಏನು ವ್ಯತ್ಯಾಸ? ಅವರು ತಮ್ಮವರನ್ನು ಉಳಿಸಿಕೊಂಡರು, ನೀನು ನಿನ್ನವರನ್ನು. ಈ ಊರಿನ ಚರಿತ್ರೆ ಶುರುವಿನಿಂದ ಹೀಗೇ ಬರೆದುಕೊಂಡು ಬಂದಿದ್ದಾರೆ. ನಮ್ಮ ಮನೆಯಿಂದಲೂ ಒಬ್ಬ ಹಾಗೇ ಬರೆಯುತ್ತಾನೆಂದು ನಾನು ಎಣಿಸಿರಲಿಲ್ಲ.

ಪುಸ್ತಕ ಇರುವುದು ನಿಜವೋ ಸುಳ್ಳೋ, ಬರೆದು ತಿಳಿಸು. ಬೇರೇನೂ ಬೇಡ, ಸಮಜಾಯಿಷಿ ಬೇಡ. ಕಣ್ಣಿಗೆ ಹನಿ ಮರೆಯಬೇಡ. ಮಗಳಿಗೆ ಅತ್ತೆ ಕೇಳಿದಳೆಂದು ಹೇಳು, ನಿನ್ನ ಹೆಂಡತಿಗೆ ನನ್ನ ನಮಸ್ಕಾರ. ಅಮ್ಮನಿಗೆ ನಿನ್ನ ಮೇಲೆ ಕೋಪವಿಲ್ಲ. ಎಲ್ಲಿದ್ದರೂ ಹೊಟ್ಟೆ ತುಂಬ ಉಂಡು ಚೆನ್ನಾಗಿರಲಿ ಎಂದು ಬರೆಯಲು ಹೇಳಿದಳು, ಬರೆದಿದ್ದೇನೆ.

ನಿನ್ನ
ಅಕ್ಕ

ವಿ. ಸೂ.: ಕಾಗದ ಮಡಿಸುವಷ್ಟರಲ್ಲಿ ವಾಲ್ವ್‌ಮನ್ ಚಿಕ್ಕಪ್ಪ ಬಂದಿದ್ದ. ನಮ್ಮ ಸಾಲಿನವರ ಸಭೆಯನ್ನು ಈ ಭಾನುವಾರಕ್ಕೇ ತಂದಿದ್ದಾರೆ, ಗಡುವಿಗೆ ಮುಂಚೆಯೇ ಕೂಡಬೇಕಂತೆ. ಈ ಸಲ ನಾನು ಮುಂದೆ ನಿಂತು ಮಾತಾಡುವವಳಲ್ಲ, ಎದ್ದು ನಿಂತು ಉತ್ತರ ಕೊಡಬೇಕಾದವಳು. ಇನ್ನು ಬರೆದು ತಿಳಿಸಲು ಹೊತ್ತಿಲ್ಲ, ನೀನೇ ಬಾ. ಹಾಜರಿ ಪುಸ್ತಕದ ನಕಲು ತಾ, ಪುಟಪುಟಕ್ಕೂ ನಿನ್ನ ಕಚೇರಿಯ ಸೀಲು ಇರಲಿ. ಮೂಲ ಅಲ್ಲೇ ಇರಲಿ, ಕದ್ದು ತಂದರೆ ನಾಳೆ ಅದನ್ನೇ ನಮ್ಮ ಮೇಲೆ ತಿರುಗಿಸುತ್ತಾರೆ. ನಕಲಿದ್ದರೆ ಬಿಲ್ಲೆ ಇಲ್ಲದೆಯೂ ನೂರ ಮೂವತ್ತೊಂಬತ್ತು ಮನೆ ಕೇಳಬಹುದು, ಬಿಲ್ಲೆ ಕಳೆದುಕೊಂಡ ಹನ್ನೊಂದು ಸೇರಿ. ಒಂದು ಮನೆ ಕೇಳಲಾಗುವುದಿಲ್ಲ, ಅದು ಯಾವುದೆಂದು ನಿನಗೂ ಗೊತ್ತು. ಅರವತ್ತೊಂದರ ಪುಟ ಬಿಟ್ಟು ತರಬೇಡ. ಆ ಪುಟ ಇಲ್ಲದೆ ಬಂದರೆ ಉಳಿದ ಪುಟಗಳನ್ನೂ ಯಾರೂ ನಂಬುವುದಿಲ್ಲ, ಮೊದಲು ನಾನೇ ನಂಬುವುದಿಲ್ಲ. ನೀನು ಬಾರದಿದ್ದರೆ ನಿನ್ನ ಹೆಸರು ನಾನೇ ಹೇಳುತ್ತೇನೆ, ನಮ್ಮಜ್ಜನ ವಿಷಯ ಹೇಳಿದ ಮೇಲೆ. ಅಮ್ಮನಿಗೆ ಈಗಷ್ಟೇ ಎಲ್ಲ ಹೇಳಿದೆ. ‘ಹಾಗಾದ್ರೆ ಸತ್ತೋದ ಆ ಮನುಷ್ಯನ ಹೆಸರೂ ಅದರಲ್ಲಿರುತ್ತೇನೇ?’ ಎಂದು ಕೇಳಿದಳು. ಓದಿ ಹೇಳಲು ಅವಳಿಗೆ ನೀನು ಬೇಕು. ಭಾನುವಾರ, ಹದಿನಾರನೇ ತಾರೀಕು, ಬೆಳಿಗ್ಗೆ ಹತ್ತು ಗಂಟೆಗೆ, ನಲ್ಲಿ ಕಟ್ಟೆಯ ಹತ್ತಿರ.